ಗೃಹಪ್ರವೇಶಕ್ಕೆ ಕೊಟ್ಟ ಊಟ ತಿಂದು ಐದು ಜನಕ್ಕೆ ವಾಂತಿ, ತಪ್ಪು ಎಲ್ಲಾಗಿರಬಹುದು?

ಒಗ್ಗರಣೆ_ಮೈಸೂರು

ಎಲ್ಲರಿಗೂ ನಮಸ್ಕಾರ. ತುಂಬಾ ಬೇಜಾರಲ್ಲಿ ಬರೀತಾ ಇದೀನಿ, ಉದ್ದ ಆದ್ರೆ ಬೈಕೋಬೇಡಿ.

ನಾನು ಮೈಸೂರಲ್ಲಿ ಮನೆಯಿಂದಾನೇ ಅಡುಗೆ ಆರ್ಡರ್ ತಗೋತೀನಿ, ಮೂರು ವರ್ಷ ಆಯ್ತು. ಶುರುವಾಗಿದ್ದು ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಚಟ್ನಿಪುಡಿ ಇಂದ, ಆಮೇಲೆ ಹಬ್ಬಕ್ಕೆ ಹೋಳಿಗೆ, ಆಮೇಲೆ ಒಬ್ರು ಅಕ್ಕ ಒಂದು 20 ಜನಕ್ಕೆ ಊಟ ಮಾಡ್ಕೊಡ್ತೀರಾ ಅಂದ್ರು, ಮಾಡಿದೆ, ಚೆನ್ನಾಗಿತ್ತು ಅಂದ್ರು, ಹಾಗೆ ಬೆಳೀತು. ಹೋದ ಭಾನುವಾರ ಒಂದು ಗೃಹಪ್ರವೇಶಕ್ಕೆ 60 ಜನಕ್ಕೆ ಕಾಯಿ ಹೋಳಿಗೆ, ಚಿತ್ರಾನ್ನ, ಮೊಸರನ್ನ, ಕೋಸಂಬರಿ ಕೊಟ್ಟೆ. ಬೆಳಿಗ್ಗೆ 8:30ಗೆ ಆಟೋದಲ್ಲಿ ಕಳಿಸಿದ್ದು. ಪೂಜೆ ಲೇಟಾಗಿ ಅವರು ಊಟಕ್ಕೆ ಕೂತಿದ್ದು 1:30ಗೆ. ಸಂಜೆ 5 ಗಂಟೆ ಹೊತ್ತಿಗೆ ಫೋನು, ಐದು ಜನಕ್ಕೆ ವಾಂತಿ ಅಂತ, ಅದ್ರಲ್ಲಿ ಇಬ್ರು ಮಕ್ಕಳು. ಒಂದು ಮಗೂಗೆ ಡ್ರಿಪ್ ಹಾಕ್ಸಿದ್ರಂತೆ. ಈಗ ಎಲ್ಲಾ ಹುಷಾರಾಗಿದಾರೆ, ದೇವರ ದಯೆ. ಅವರು ಜಗಳ ಏನೂ ಮಾಡ್ಲಿಲ್ಲ, ಅದೇ ನಂಗೆ ಇನ್ನೂ ಸಂಕಟ.

ನಾನು ಅಡುಗೆ ಮನೆ ಎಷ್ಟು ಕ್ಲೀನ್ ಇಟ್ಕೋತೀನಿ ಅಂದ್ರೆ ನಮ್ಮನೆಯವ್ರು ಆಸ್ಪತ್ರೆ ಅಂತ ಆಡ್ಕೋತಾರೆ. ಸಾಮಾನೆಲ್ಲ ಒಳ್ಳೇದೇ ತರೋದು. ರುಚಿ ನೋಡಿದಾಗ ಏನೂ ಹಳಸಿರ್ಲಿಲ್ಲ, ವಾಸನೆ ಬಂದಿರ್ಲಿಲ್ಲ. ಮತ್ತೆ ಎಲ್ಲಿ ತಪ್ಪಾಯ್ತು? ಗೊತ್ತಿರೋರು ದಯವಿಟ್ಟು ಹೇಳಿ. ಸಮಾಧಾನ ಬೇಡ, ಕಾರಣ ಬೇಕು.

ಕಾಫಿಪುಡಿ

ಕಾಯಿ ಹೋಳಿಗೇನೇ. ಕಣ್ಣು ಮುಚ್ಕೊಂಡು ಹೇಳ್ತೀನಿ. ಕಾಯಿದು ಸೆಕೆಗಾಲದಲ್ಲಿ ಬೇಗ ಕೆಡುತ್ತೆ. ಬಿಸಿ ಬಿಸಿಯಾಗಿ ಒಂದ್ರ ಮೇಲೊಂದು ಪೇರಿಸಿ ಡಬ್ಬಿ ಮುಚ್ಚಿಬಿಟ್ರೆ ಮುಚ್ಚಳದಲ್ಲಿ ಬೆವರು ಕೂತ್ಕೊಂಡು ಅದೇ ನೀರು ಮತ್ತೆ ಹೋಳಿಗೆ ಮೇಲೆ ಬೀಳುತ್ತೆ. ಕಾಯಿ ಯಾವಾಗ ತುರಿದ್ರಿ?

ಮಿರ್ಚಿ_ದಾವಣಗೆರೆ

ಅಯ್ಯೋ ಮೇಡಂ ತಲೆ ಕೆಡಿಸ್ಕೋಬೇಡಿ. 60 ಜನದಲ್ಲಿ ಐದು ಜನಕ್ಕೆ ಅಂದ್ರೆ ಊಟದ್ದಲ್ಲ ಅದು. ಬಿಸಿಲಿಗೆ ಬಂದಿರ್ತಾರೆ, ಜ್ಯೂಸು ಐಸು ಕುಡಿದಿರ್ತಾರೆ, ಹೊಸ ಮನೆ ಸಂಪಿನ ನೀರು ಬೇರೆ. ಮನೇಲಿ ಮಾಡಿದ ಊಟಕ್ಕೆ ಯಾರಿಗೂ ಏನೂ ಆಗಲ್ಲ, ಹೋಟೆಲ್ ಊಟ ಅಲ್ವಲ್ಲ.

ಹಳೇ_ಲ್ಯಾಬ್

ನೀರಿನ ಮಾತು ತಳ್ಳಿಹಾಕೋ ಹಾಗಿಲ್ಲ, ಆದ್ರೆ "ಮನೇಲಿ ಮಾಡಿದ್ದು ಅದಕ್ಕೇ ಏನೂ ಆಗಲ್ಲ" ಅನ್ನೋದು ಇದೆಯಲ್ಲ, ಅದೇ ಕಾಯಿಲೆ ಬರೋ ದಾರಿ. ನಾನು ಆಹಾರ, ನೀರು ಪರೀಕ್ಷೆ ಮಾಡೋ ಲ್ಯಾಬಲ್ಲಿ 20 ವರ್ಷ ಕೆಲಸ ಮಾಡಿದೀನಿ, ಈಗ ರಿಟೈರ್ಡು.

ಮೇಡಂ, ಹೋಳಿಗೆ ಮೇಲೆ ಈಗ್ಲೇ ಅಪವಾದ ಹಾಕೋದು ಬೇಡ. ನಾಲ್ಕು ವಿಷಯ ಹೇಳಿ. ಐದು ಜನ ಏನೇನು ತಿಂದಿದ್ರು, ಮುಖ್ಯವಾಗಿ ಆ ಮಕ್ಕಳು? ವಾಂತಿ ಎಷ್ಟು ಗಂಟೆಗೆ ಶುರುವಾಯ್ತು, ಜ್ವರ ಇತ್ತಾ? ಅನ್ನ ಯಾವಾಗ ಬೇಯಿಸಿದ್ದು, ಯಾವ ಪಾತ್ರೇಲಿ ಎಲ್ಲಿ ಇಟ್ಟಿದ್ರಿ? ಕಲಸಿದ್ದು ಯಾರು, ಸೌಟಲ್ಲಾ ಕೈಯಲ್ಲಾ? ಮತ್ತೆ ಸ್ಯಾಂಪಲ್ ಏನಾದ್ರೂ ಎತ್ತಿಟ್ಟಿದ್ರಾ?

ಒಗ್ಗರಣೆ_ಮೈಸೂರು

ಸರ್ ಇವತ್ತು ಅವರಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ. ಮಕ್ಕಳಿಬ್ರೂ ಹೋಳಿಗೆ ಮುಟ್ಟೇ ಇಲ್ವಂತೆ! ಬರೀ ಮೊಸರನ್ನ. ದೊಡ್ಡೋರು ಮೂವರು ಎಲ್ಲಾ ತಿಂದಿದಾರೆ, ಅದ್ರಲ್ಲಿ ಒಬ್ರು ಕಡೆಗೆ ಬಡಿಸೋಕೆ ನಿಂತಿದ್ದು ಎರಡು ಗಂಟೆ ಮೇಲೆ ಊಟ ಮಾಡಿರೋರು. ಮೊದಲ ಪಂಕ್ತಿಯವ್ರಿಗೆ ಏನೂ ಆಗಿಲ್ಲ ಅನ್ಸುತ್ತೆ. ವಾಂತಿ 4, 4:30 ಹೊತ್ತಿಗೆ ಶುರು. ಜ್ವರ ಇಲ್ಲ. ರಾತ್ರಿಗೆಲ್ಲ ನಿಂತೋಯ್ತಂತೆ. ಹೋಳಿಗೆ ಮನೆಗೆ ಕಟ್ಕೊಂಡು ಹೋಗಿ ಮಾರನೇ ದಿನ ತಿಂದೋರೂ ಚೆನ್ನಾಗೇ ಇದಾರೆ.

ಅನ್ನ... ಇಲ್ಲಿ ಒಪ್ಕೋಬೇಕು. ನನ್ನ ಹತ್ರ ಇರೋದು ಎರಡು ಒಲೆ. 6 ಕೆಜಿ ಅಕ್ಕಿ ಅನ್ನ ಬೆಳಿಗ್ಗೆ ಆಗಲ್ಲ ಅಂತ ರಾತ್ರಿ 11ರ ಒಳಗೆ ಮಾಡಿ ಮುಗಿಸಿ, ದೊಡ್ಡ ಡಬರಿಗೆ ಎಲ್ಲಾ ಸುರಿದು, ಧೂಳು ಬೀಳದೇ ಇರ್ಲಿ ಅಂತ ತಟ್ಟೆ ಮುಚ್ಚಿ ಮೇಲೆ ಬಟ್ಟೆ ಹೊದಿಸಿ ಇಟ್ಟೆ. ಬೆಳಿಗ್ಗೆ 5ಕ್ಕೆ ಎದ್ದು ಅರ್ಧಕ್ಕೆ ಚಿತ್ರಾನ್ನದ ಒಗ್ಗರಣೆ, ಅರ್ಧಕ್ಕೆ ಕಾಯಿಸಿದ ಹಾಲು ಸ್ವಲ್ಪ ಮೊಸರು. ಕಲಸಿದ್ದು ಕೈಯಲ್ಲೇ, ಸೌಟಲ್ಲಿ ಕಲಸಿದ್ರೆ ಅಗಳು ಒಡೆಯುತ್ತೆ ಅಂತ. ಹೆಬ್ಬೆರಳಲ್ಲಿ ಈಳಿಗೆ ಗಾಯ ಇತ್ತು, ಬ್ಯಾಂಡೇಜ್ ಹಾಕಿದ್ದೆ. ಸ್ಯಾಂಪಲ್ ಇಡಬೇಕು ಅಂತಾನೇ ಗೊತ್ತಿರ್ಲಿಲ್ಲ.

ಕಾಫಿಪುಡಿ

ಹೋಳಿಗೆ ಅಮ್ಮಾ ಕ್ಷಮಿಸು 🙏

ಹಳೇ_ಲ್ಯಾಬ್

ಇಷ್ಟು ನೇರವಾಗಿ ಹೇಳಿದ್ರಲ್ಲ ಮೇಡಂ, ಅದಕ್ಕೆ ಮೆಚ್ಚಬೇಕು. ಸ್ಯಾಂಪಲ್ ಇಲ್ಲದೆ ಇದೇ ಅಂತ ಯಾರೂ ಬರ್ಕೊಡೋಕೆ ಆಗಲ್ಲ, ಆದ್ರೆ ನೀವು ಹೇಳಿದ್ದ್ರಲ್ಲಿ ಇಬ್ಬರು ಅನುಮಾನಿತರು ಕಾಣ್ತಾರೆ.

ಒಂದು, ರಾತ್ರಿ ಅನ್ನ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ, ಮಣ್ಣಲ್ಲಿ ಇರುತ್ತೆ, ಹಾಗಾಗಿ ಅಕ್ಕೀಲೂ ಇರುತ್ತೆ, ಎಷ್ಟು ತೊಳೆದ್ರೂ ಪೂರ್ತಿ ಹೋಗಲ್ಲ. ಅದು ಕಷ್ಟ ಬಂದಾಗ ಗಟ್ಟಿ ಕವಚ ಕಟ್ಕೊಂಡು ಬೀಜದ ಥರ ಕೂತ್ಕೊಳ್ಳುತ್ತೆ, ಸ್ಪೋರ್ ಅಂತೀವಿ. ನೀವು ಅನ್ನ ಕುದಿಸಿದ್ರಿ, ಬೇರೆ ಎಲ್ಲಾ ಸತ್ತ್ವು, ಇದೊಂದು ಉಳೀತು. ಆಮೇಲೆ ಅನ್ನ ನಿಧಾನಕ್ಕೆ ತಣ್ಣಗಾಗ್ತಾ ಬಂದಾಗ ಅದಕ್ಕೆ ಬೇಕಾದ ಬೆಚ್ಚಗೆ, ನೀರು, ಪಿಷ್ಟ ಎಲ್ಲಾ ಸಿಕ್ತು, ಪೈಪೋಟಿಗೆ ಬೇರೆ ಯಾರೂ ಇಲ್ಲ. ಮೊಳೆತು ಬೆಳೆದು ವಾಂತಿ ಬರಿಸೋ ವಿಷ ಬಿಡುತ್ತೆ. ಆ ವಿಷ ಎಂಥದ್ದು ಅಂದ್ರೆ ಮತ್ತೆ ಕುದಿಸಿದ್ರೂ ಹೋಗಲ್ಲ. ನಿಮ್ಮ ಒಗ್ಗರಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ, ಆಮೇಲೆ ಹಿಂಡಿದ ನಿಂಬೆಹುಳೀನೂ ಅಷ್ಟೇ, ವಿಷ ಆಗಲೇ ಬಿಟ್ಟಾಗಿರುತ್ತೆ. ರುಚಿ, ವಾಸನೆ ಎರಡೂ ಬದಲಾಗಲ್ಲ, ನಾಲಿಗೆಗೆ ಗೊತ್ತೇ ಆಗಲ್ಲ. ತಿಂದ 1ರಿಂದ 6 ಗಂಟೇಲಿ ವಾಂತಿ, ಜ್ವರ ಇರಲ್ಲ, ಒಂದು ದಿನದೊಳಗೆ ವಾಸಿ. ನಿಮ್ಮ ಕಥೆಗೆ ಹೊಂದುತ್ತೆ.

ಎರಡು, ಬೆರಳಿನ ಗಾಯ. ಸ್ಟ್ಯಾಫಿಲೊಕಾಕಸ್ ಆರಿಯಸ್. ಗಾಯದಲ್ಲಿ, ಮೂಗಲ್ಲಿ, ಚರ್ಮದ ಮೇಲೆ ಇರುತ್ತೆ. ಅದರ ವಿಷಾನೂ ಬೇಯಿಸಿದ್ರೆ ಹೋಗಲ್ಲ, ಲಕ್ಷಣಾನೂ ಹೆಚ್ಚುಕಮ್ಮಿ ಹೀಗೇ. ಬ್ಯಾಂಡೇಜ್ ಮೇಲೆ ಗ್ಲೌಸ್ ಇಲ್ಲದೆ ಕೈಯಲ್ಲಿ ಕಲಸಿ ಐದು ಗಂಟೆ ಸೆಕೇಲಿ ಇಟ್ರೆ ಇದೂ ಸಾಧ್ಯ.

ಎರಡರಲ್ಲಿ ಯಾವುದೇ ಆಗಿರ್ಲಿ, ಬೆಳೆಯೋಕೆ ಬೇಕಾಗಿದ್ದು ಹೊತ್ತು. 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಊಟ ಎಷ್ಟು ಹೊತ್ತು ಕೂತಿರುತ್ತೆ ಅನ್ನೋದೇ ಪೂರ್ತಿ ಲೆಕ್ಕ. ರಾತ್ರಿ 11ರಿಂದ ಮಾರನೇ ದಿನ 1:30 ಅಂದ್ರೆ ಹದಿನಾಲ್ಕೂವರೆ ಗಂಟೆ, ಅನ್ನ ಮೊದಲು ಸುಡ್ತಾ ಇದ್ದ ಹೊತ್ತು ಕಳೆದ್ರೂ ಬೇಕಾದಷ್ಟಾಯ್ತು. ನಿಮ್ಮ ಅಡುಗೆ ಮನೆ ಆಸ್ಪತ್ರೆ ಥರ ಇದ್ರೂ ಅಷ್ಟೇ ಆಗ್ತಿತ್ತು, ಬ್ಯಾಕ್ಟೀರಿಯಾ ಬಂದಿದ್ದು ಅಕ್ಕಿ ಜೊತೇಲೇ.

ಮಿರ್ಚಿ_ದಾವಣಗೆರೆ

ಸರ್ ಗೌರವದಿಂದಾನೇ ಕೇಳ್ತೀನಿ. ನಮ್ಮಜ್ಜಿ ದಿನಾ ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ ಈರುಳ್ಳಿ ಹಾಕಿ ಕೊಡೋರು. ತಂಗಳನ್ನ ತಿಂದೇ ಹೊಲಕ್ಕೆ ಹೋಗಿದ್ದು ನಾವು. 90 ವರ್ಷ ಬದುಕಿದ್ರು ಅಜ್ಜಿ. ಆಗ ನಿಮ್ಮ ಬ್ಯಾಸಿಲಸ್ಸು ಎಲ್ಲಿ ಹೋಗಿತ್ತು?

ಸೋಗೆಮನೆ

ಮಿರ್ಚಿ ಅಣ್ಣ, ನಾನು ತೀರ್ಥಹಳ್ಳಿ ಕಡೆಯೋಳು, ತಂಗಳು ತಿಂದೇ ಬೆಳೆದೋಳು, ಅದಕ್ಕೇ ಹೇಳ್ತೀನಿ. ನಿಮ್ಮಜ್ಜಿ ಎಷ್ಟು ಅನ್ನ ಇಡ್ತಿದ್ರು? ಎರಡು ಹಿಡಿ, ಹೆಚ್ಚಂದ್ರೆ ಒಂದು ಪಾವಿಂದು. ತಣ್ಣೀರು ಹೊಯ್ದ ತಕ್ಷಣ ಅದು ತಣ್ಣಗಾಗೋಯ್ತು. ರಾತ್ರಿ ಪೂರ್ತಿ ನೀರಲ್ಲಿ ಹುಳಿ ಬಂತು, ಹುಳಿ ಬಂದ ಕಡೆ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಇಟ್ಟಿದ್ದು ಮಣ್ಣಿನ ಗಡಿಗೇಲಿ, ತಂಪು ಮೂಲೇಲಿ. ಬೆಳಿಗ್ಗೆ ಏಳಕ್ಕೆ ತಿಂದು ಮುಗೀತು. ಅದೂ ಇದೂ ಒಂದೇನಾ? 6 ಕೆಜಿ ಅಕ್ಕಿ ಅನ್ನ ಒಂದೇ ಡಬರೀಲಿ ಮುಚ್ಚಿಟ್ರೆ ಮಧ್ಯದ್ದು ಬೆಳಗಿನ ಜಾವಕ್ಕೂ ಬೆಚ್ಚಗಿರುತ್ತೆ, ಕೈ ಹಾಕಿ ನೋಡಿ. ಅಜ್ಜಿ ಮಾಡಿದ್ದನ್ನೇ ಹತ್ತು ಪಟ್ಟು ಮಾಡಿದ್ರೆ ಅದು ಅಜ್ಜಿ ಅಡುಗೆ ಆಗಿ ಉಳಿಯಲ್ಲ.

ಇನ್ನೊಂದು. ನಮ್ಮನೇಲಿ "ಮುಸುರೆ" ಅಂತ ಒಂದಿತ್ತು. ಅನ್ನದ ಪಾತ್ರೆ ಮುಟ್ಟಿದ ಕೈಲಿ ಉಪ್ಪಿನಕಾಯಿ ಭರಣಿ, ತುಪ್ಪ, ಮೊಸರು ಮುಟ್ಟೋ ಹಾಗಿಲ್ಲ, ಕೈ ತೊಳ್ಕೊಂಡೇ ಮುಟ್ಟಬೇಕು. ಚಿಕ್ಕೋಳಿದ್ದಾಗ ಇದೇನು ಕಾಟ ಅಂತ ಬೈಕೋತಿದ್ದೆ. ಬೇಗ ಕೆಡೋದನ್ನ ತಡೆಯೋ ಪದಾರ್ಥದ ಹತ್ರ ಬಿಡಬೇಡ ಅನ್ನೋದಷ್ಟೇ ಅಲ್ವಾ ಅದು! ಉಪ್ಪಿನಕಾಯಿಗೆ ಒದ್ದೆ ಸೌಟು ಹಾಕಿದ್ರೆ ಅಮ್ಮ ಬೆನ್ನಿಗೆ ಬಿಡ್ತಿದ್ರು. ಈಗ ಆನ್‌ಲೈನಲ್ಲಿ ತರಿಸಿದ ಮಿಡಿ ಉಪ್ಪಿನಕಾಯಿ ಬಾಟ್ಲು ತೆಗೆದ್ರೆ ಮೇಲೆ ಬೂಷ್ಟು, ಬಾಟ್ಲು ತೊಳೆದು ಒಣಗಿಸದೇ ತುಂಬಿರ್ತಾರೆ.

ಬ್ಲಾಕ್_ಸಿ_ಅಡ್ಮಿನ್

ಮುಸುರೆ ಮಾತು ಒಪ್ಪಿದೆ. ಆದ್ರೆ ಒಂದು ಎಚ್ಚರ. ನಾನು ಬೆಂಗಳೂರಲ್ಲಿ 400 ಫ್ಲಾಟ್ ಇರೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ನೋಡ್ಕೋತೀನಿ, ದಿನಾ ಹತ್ತು ಜನ "ಮಡಿಯಲ್ಲಿ ತಯಾರಿಸಿದ್ದು" ಅಂತ ಪೋಸ್ಟ್ ಹಾಕ್ತಾರೆ. ಮಡಿ ಬೇರೆ ಶುಚಿ ಬೇರೆ ಕಣ್ರೀ. ಒದ್ದೆ ಬಟ್ಟೆ ಉಟ್ಕೊಂಡು ಮಾಡಿದ ಮಾತ್ರಕ್ಕೆ ಬೋರ್‌ವೆಲ್ ನೀರು ಸರಿ ಹೋಗಲ್ಲ. ಯಾರು ಮುಟ್ಟಿದ್ರು ಅನ್ನೋದಲ್ಲ, ಕೈ ಸೋಪಲ್ಲಿ ತೊಳೆದಿದ್ರಾ ಅನ್ನೋದು ಪ್ರಶ್ನೆ.

ನಮ್ಮ ಗ್ರೂಪಲ್ಲಿ ಹೋದ ವರ್ಷದಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇಲ್ದೇ ಅಡುಗೆ ಪೋಸ್ಟ್ ಹಾಕೋ ಹಾಗಿಲ್ಲ ಅಂತ ಮಾಡಿದೀವಿ. ಅದಕ್ಕೆ ನನ್ನ ಮೇಲೆ ಎಷ್ಟು ಜನಕ್ಕೆ ಕೋಪ ಅಂದ್ರೆ ಲಿಫ್ಟಲ್ಲಿ ಮಾತಾಡ್ಸಲ್ಲ. ನೀವು ರಿಜಿಸ್ಟ್ರೇಷನ್ ಮಾಡ್ಸಿದೀರಾ ಮೇಡಂ?

ಒಗ್ಗರಣೆ_ಮೈಸೂರು

ಮಾಡ್ಸಿದೀನಿ ಸರ್, 2022ರಲ್ಲಿ. ಅವರದ್ದೇ ಫೋಸ್ಕೋಸ್ ವೆಬ್‌ಸೈಟಲ್ಲಿ ನಾನೇ ಕೂತು ಮಾಡಿದ್ದು, ಫೋಟೋ, ಐಡಿ, ವಿಳಾಸ ಅಷ್ಟೇ ಕೇಳಿದ್ದು. ವರ್ಷಕ್ಕೆ 12 ಲಕ್ಷದ ಒಳಗೆ ವ್ಯಾಪಾರ ಇದ್ದೋರಿಗೆ ಆಗ ಬರೀ ರಿಜಿಸ್ಟ್ರೇಷನ್ ಸಾಕಿತ್ತು, ಲೈಸೆನ್ಸ್ ಬೇಡ, ವರ್ಷಕ್ಕೆ 100 ರೂಪಾಯಿ. ಒಟ್ಟಿಗೇ 5 ವರ್ಷಕ್ಕೆ ಕಟ್ಟಿಬಿಟ್ಟೆ. 14 ಅಂಕಿ ನಂಬರು ಬಂತು, ಡಬ್ಬಿ ಮೇಲೆ ಹಾಕ್ಕೊಂಡೆ. ಮನೆಗೆ ಯಾರೂ ಬಂದು ನೋಡ್ಲಿಲ್ಲ. ನಂಬರ್ ಇದೆ ಅಂದ್ರೆ ನಂದೆಲ್ಲ ಸರಿ ಇದೆ ಅಂದ್ಕೊಂಡಿದ್ದೆ, ಸುಳ್ಳ್ಯಾಕೆ ಹೇಳ್ಲಿ.

ಹಳೇ_ಲ್ಯಾಬ್

ಬಹಳ ಜನ ಹಾಗೇ ಅಂದ್ಕೊಂಡಿರೋದು. ಆ ನಂಬರ್ ಅಂದ್ರೆ ಈ ಮನೇಲಿ ಆಹಾರ ವ್ಯಾಪಾರ ನಡೀತಿದೆ ಅಂತ ಸರ್ಕಾರಕ್ಕೆ ಗೊತ್ತು ಅಂತ ಅರ್ಥ, ಊಟ ಪರೀಕ್ಷೆ ಆಗಿದೆ ಅಂತಲ್ಲ. ಮೊದಲ ಅಂಕಿ 2 ಇದ್ರೆ ರಿಜಿಸ್ಟ್ರೇಷನ್, 1 ಇದ್ರೆ ಲೈಸೆನ್ಸ್. ಅರ್ಜಿ ಹಾಕುವಾಗ ನೀವು ಶುಚಿತ್ವದ ನಿಯಮ ಪಾಲಿಸ್ತೀನಿ ಅಂತ ಒಪ್ಕೊಂಡಿರ್ತೀರಿ, 2011ರ ರೆಗ್ಯುಲೇಷನ್ನಿನ ಶೆಡ್ಯೂಲ್ 4 ಅದು. ಓದಿ ನೋಡಿ. ಕುಡಿಯೋ ನೀರೇ ಬಳಸಬೇಕು, ಗಾಯ ಇದ್ದೋರು, ಕಾಯಿಲೆ ಇದ್ದೋರು ಊಟ ಮುಟ್ಟಬಾರದು ಅಂತೆಲ್ಲ ಅದರಲ್ಲೇ ಇದೆ.

ಗ್ರಾಹಕ_ನಾನು

ಎಲ್ರೂ ಮಾಡೋರ ಕಡೆಯಿಂದಾನೇ ಮಾತಾಡ್ತಿದೀರ, ತಿನ್ನೋರ ಕಡೆಯಿಂದ ನಾನೊಂದು ಹೇಳ್ತೀನಿ. 2024 ಮಾರ್ಚಲ್ಲಿ ಗೋಬಿ ಮಂಚೂರಿಗೆ ಹಾಕೋ ರೋಡಮೈನ್-ಬಿ ಬಣ್ಣ ಬ್ಯಾನ್ ಮಾಡಿದ್ರು, 2025ರಲ್ಲಿ ಇಡ್ಲಿಗೆ ಬಟ್ಟೆ ಬದಲು ಪ್ಲಾಸ್ಟಿಕ್ ಶೀಟ್ ಹಾಕ್ತಾರೆ ಅಂತ ಹೋಟೆಲ್‌ಗಳಿಗೆ ನುಗ್ಗಿ ಚೆಕ್ ಮಾಡಿದ್ರು. ಒಳ್ಳೇದೇ. ಆದ್ರೆ ಮನೆಯಿಂದ ಮಾರೋರ ಅಡುಗೆ ಮನೆ ನಂಗೆ ಕಾಣೋದೂ ಇಲ್ಲ, ಅಧಿಕಾರಿಗೆ ಕಾಣೋದೂ ಇಲ್ಲ. ನನ್ನ ಮಗನಿಗೆ ಶೇಂಗಾ ಅಲರ್ಜಿ. "ಮನೇಲಿ ಮಾಡಿದ ಸಾರಿನ ಪುಡಿ" ಅಂತ ತಂದೆ, ಚೀಟೀಲಿ ಏನೂ ಬರೆದಿಲ್ಲ, ಫೋನ್ ಮಾಡಿ ಕೇಳಿದ್ರೆ "ಇಲ್ಲಮ್ಮ ಶೇಂಗಾ ಹಾಕಲ್ಲ, ಆದ್ರೆ ಚಟ್ನಿಪುಡಿ ಅದೇ ಮಿಕ್ಸೀಲೇ ಮಾಡೋದು" ಅಂದ್ರು. ಕೇಳದೇ ಇದ್ದಿದ್ರೆ? ಅವರಿಗೆ ಅದು ಹೇಳೋ ವಿಷಯ ಅಂತಾನೇ ಅನ್ನಿಸಿರ್ಲಿಲ್ಲ, ಪಾಪ ಒಳ್ಳೆ ಹೆಂಗಸೇ.

ಚೀಟಿ ಮೇಲೆ ಏನೇನು ಹಾಕಿದೀರಿ, ಯಾವತ್ತು ಮಾಡಿದ್ದು, ಎಷ್ಟು ದಿನದೊಳಗೆ ಮುಗಿಸ್ಬೇಕು, ಶೇಂಗಾ ಹಾಲು ಗೋಧಿ ಇದೆಯಾ. ಇಷ್ಟು ಬರೆಯೋಕೆ ಎಷ್ಟು ಹೊತ್ತು ಬೇಕ್ರೀ.

ಕಡಕ್_ರೊಟ್ಟಿ

ನಮಸ್ಕಾರ್ರಿ, ನಾನು ಧಾರವಾಡದಾಕಿ. ನಾವು ಎಂಟು ಮಂದಿ ಹೆಣ್ಮಕ್ಕಳು ಸಂಘ ಮಾಡ್ಕೊಂಡು ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಗಿ ಮಾಡಿ ಮಾರ್ತೇವ್ರಿ. ಒಗ್ಗರಣೆ ಅಕ್ಕಾರ, ನೀವು ಪುಡಿ ಗೊಜ್ಜು ಮಾಡೂವಾಗ ಏನೂ ತ್ರಾಸ ಆಗಿಲ್ಲಂದ್ರಿ ಹೌದಲ್ರಿ? ಯಾಕಂದ್ರ ಪುಡಿ ಒಣಾ ಇರತೈತಿ, ಗೊಜ್ಜಿನ್ಯಾಗ ಹುಣಸಿಹುಳಿ ಉಪ್ಪು ಎಣ್ಣಿ ಇರತೈತಿ, ಅವು ತಾವಾ ತಮ್ಮನ್ನ ಕಾಯ್ಕೋತಾವ. ನಮ್ಮ ಕಡಕ್ ರೊಟ್ಟಿ ನೋಡ್ರಿ, ನೀರಿನ ಪಸಿ ಪೂರ್ತಿ ಹೋಗೂತನಾ ಬೇಯಸ್ತೇವಿ, ತಿಂಗಳಾನಗಟ್ಲೆ ಇಟ್ರೂ ಏನೂ ಆಗೂದಿಲ್ಲ, ಪಸಿ ತಾಗಬಾರದಷ್ಟ. ಅನ್ನ, ಸಾರು, ಪಲ್ಯ ಹಂಗಲ್ರಿ, ಅವನ್ನ ನಾವ ಕಾಯಬೇಕು. ನಮ್ಮ ಸಂಘದಾಗ ಅದಕ್ಕ ಹಸಿ ಅಡಗಿ ಆರ್ಡರ್ ತಗೊಳ್ಳೂದಿಲ್ಲಂತ ಮೊದಲಾ ಠರಾವ್ ಮಾಡೀವಿ.

ಅಂದ್ರ ಒಣಾ ಇದ್ರ ಏನೂ ಅಂಜಿಕಿ ಇಲ್ಲಂತನೂ ಅಲ್ರಿ. ಶೇಂಗಾದಾಗ ಬೂಸ್ಟ್ ಹಿಡದದ್ದು, ಸುಕ್ಕಾದದ್ದು, ಕರ್ರಗಾದದ್ದು ಬರತೈತಿ, ಅದರಾಗ ಅಫ್ಲಾಟಾಕ್ಸಿನ್ ಅಂತ ವಿಷ ಇರಬಹುದು, ಹುರದ್ರೂ ಪೂರಾ ಹೋಗೂದಿಲ್ಲ, ಲಿವರ್‌ಗೆ ಕೆಟ್ಟದ್ದು. ಮೊದಲ ನಾವು "ಚಟ್ನ್ಯಾಗ ಏನ್ ಗೊತ್ತಾಗತೈತಿ" ಅಂತ ಹಂಗ ಹಾಕಿ ಬಿಡತಿದ್ವಿ, ಖರೇನ ಹೇಳ್ತೇನಿ. ಈಗ ಮರದಾಗ ಹಾಕ್ಕೊಂಡು ಒಂದೊಂದ ಆರಸ್ತೇವಿ. ಕ್ವಿಂಟಲ್‌ಗೆ ಎರಡು ಮೂರು ಕಿಲೋ ಹೋಗತೈತಿ. ಹೋಗ್ಲಿ.

ರೊಟ್ಟಿ ಮಷಿನ್‌ಗೆ ಪಿಎಂಎಫ್‌ಎಂಇ ಅನ್ನೂ ಕೇಂದ್ರದ ಸಣ್ಣ ಆಹಾರ ಉದ್ಯಮದ ಸ್ಕೀಮಿನ್ಯಾಗ ಸಾಲ ತಗೊಂಡ್ವಿ, ಸ್ಕೀಮಿಂದು ನೂರಕ್ಕ 35, ಅದರ ಮ್ಯಾಲ ರಾಜ್ಯದ್ದು 15, ಒಟ್ಟ ಅರ್ಧ ಸಬ್ಸಿಡಿ ಬಂತು, ಕೆಪೆಕ್ ಅನ್ನೂ ರಾಜ್ಯ ಸರ್ಕಾರದ ನಿಗಮದ ಕಡಿಂದ. ಅವರು ಟ್ರೇನಿಂಗ್ ಕೊಟ್ಟಾಗನ ಈ ಶೇಂಗಾ ಮಾತು ತಿಳದದ್ದು.

ಟಿಫನ್_ಕ್ಯಾರಿಯರ್

ನಾನು ಪಿಜಿ ಹುಡುಗರಿಗೆ ರಾತ್ರಿ ಊಟ ಕೊಡ್ತೀನಿ, 35 ಡಬ್ಬಿ. ಅನ್ನದ ಕಥೆ ಓದಿ ಎದೆ ಧಸಕ್ ಅಂತು, ಯಾಕಂದ್ರೆ ನಾನು ಸಾಂಬಾರ್ ಅದೇ ಥರ ಮಾಡ್ತಿದ್ದೆ, ಮಧ್ಯಾಹ್ನನೇ ಮಾಡಿ ದೊಡ್ಡ ಪಾತ್ರೇಲಿ ಮುಚ್ಚಿಟ್ಟು ರಾತ್ರಿ ಬಿಸಿ ಮಾಡಿ ಕೊಡೋದು. ಬಿಸಿ ಸಾಂಬಾರ್ ಪಾತ್ರೆ ಸಮೇತ ಫ್ರಿಜ್ಜಿಗೆ ತಳ್ಳಿದ್ರೆ ಸರಿ ಹೋಗುತ್ತಾ?

ಹಳೇ_ಲ್ಯಾಬ್

ಮಾಡ್ಬೇಡಿ. ದೊಡ್ಡ ಪಾತ್ರೆ ಫ್ರಿಜ್ಜೊಳಗೂ ನಿಧಾನಕ್ಕೇ ತಣ್ಣಗಾಗೋದು, ಜೊತೆಗೆ ಪಕ್ಕದ ಹಾಲು ಮೊಸರನ್ನೂ ಬಿಸಿ ಮಾಡುತ್ತೆ. ನಾಲ್ಕು ಚಿಕ್ಕ, ಅಗಲ ಪಾತ್ರೆಗೆ ಹಂಚಿ, ಎರಡು ಮೂರು ಇಂಚಿಗಿಂತ ಆಳ ಬೇಡ, ಸಿಂಕಲ್ಲಿ ತಣ್ಣೀರು ತುಂಬಿ ಅದರಲ್ಲಿಟ್ಟು ಆಗಾಗ ಕೈಯಾಡಿಸಿ, ಹೊಗೆ ನಿಂತ ಮೇಲೆ ಫ್ರಿಜ್ಜು. ಕೊಡುವಾಗ ಬೆಚ್ಚಗೆ ಮಾಡೋದಲ್ಲ, ತಳಮಳ ಕುದಿಸಬೇಕು. ಇನ್ನೂ ಒಳ್ಳೇದು, ಬೇಳೆ ಬೇಯಿಸಿ ತಣ್ಣಗೆ ಮಾಡಿ ಫ್ರಿಜ್ಜಲ್ಲಿಟ್ಟು ಸಾಂಬಾರ್ ಮಾತ್ರ ಸಂಜೆ ಮಾಡಿ.

ಫ್ರಿಜ್ಜಿನ ಒಳಗೊಂದು ಥರ್ಮಾಮೀಟರ್ ಇಡಿ. ಬೇಸಗೇಲಿ ತುಂಬಿ ತುಳುಕೋ ಫ್ರಿಜ್ಜು ಎಷ್ಟೋ ಮನೇಲಿ 10 ಡಿಗ್ರಿ ಮೇಲೇ ಇರುತ್ತೆ, ತಣ್ಣಗಿದೆ ಅಂತ ಕೈಗೆ ಅನ್ನಿಸುತ್ತೆ ಅಷ್ಟೇ. 5ರ ಒಳಗೆ ಇರ್ಬೇಕು.

ಮಿರ್ಚಿ_ದಾವಣಗೆರೆ

ತಂಗಳನ್ನದ ಮಾತು ವಾಪಸ್ ತಗೊಂಡೆ ಸೋಗೆಮನೆ ಅಕ್ಕ 😄 ಆದ್ರೆ ಒಂದು ಮಾತು. ಇಷ್ಟೆಲ್ಲಾ ಮಾಡು ಅಂದ್ರೆ ಮನೇಲಿ ಕೂತು ನಾಲ್ಕು ಕಾಸು ದುಡಿಯೋ ಹೆಂಗಸರು ಎಲ್ಲಿಗೆ ಹೋಗ್ಬೇಕು? ಥರ್ಮಾಮೀಟರು, ಲೇಬಲ್ಲು, ನೀರಿನ ಟೆಸ್ಟು. ಒಂದು ಹೋಳಿಗೆಗೆ 25 ರೂಪಾಯಿ ಹೇಳಿದ್ರೆ ಚೌಕಾಸಿ ಮಾಡ್ತಾರೆ ಇದೇ ಗ್ರಾಹಕ_ನಾನು ಥರದೋರು.

ಗ್ರಾಹಕ_ನಾನು

ನಾನು ಚೌಕಾಸಿ ಮಾಡಲ್ಲ ಸ್ವಾಮಿ. ಆದ್ರೆ ಮಾಡೋರು ಇದಾರೆ ಅನ್ನೋದು ನಿಜ, ಒಪ್ಪಿದೆ.

ಲೆಸ್ಟರ್_ಕನ್ನಡತಿ

ನಾನು ಇಂಗ್ಲೆಂಡಲ್ಲಿ ಮನೆಯಿಂದ ಚಕ್ಕುಲಿ, ಕೋಡುಬಳೆ, ಹಬ್ಬಕ್ಕೆ ಹೋಳಿಗೆ ಮಾರ್ತೀನಿ. ಇಲ್ಲಿ ಶುರು ಮಾಡೋ 28 ದಿನ ಮುಂಚೆ ಲೋಕಲ್ ಕೌನ್ಸಿಲ್ಲಲ್ಲಿ ರಿಜಿಸ್ಟರ್ ಆಗ್ಬೇಕು, ದುಡ್ಡಿಲ್ಲ. ಆದ್ರೆ ಇನ್‌ಸ್ಪೆಕ್ಟರ್ ನಿಜವಾಗ್ಲೂ ಮನೆಗೆ ಬರ್ತಾರೆ! ನಮ್ಮನೆಗೆ ಬಂದೋರು ಫ್ರಿಜ್ ತೆಗೆದು ನೋಡಿದ್ರು, ಕೈ ಒರೆಸೋ ಟವೆಲ್ಲೂ ಪಾತ್ರೆ ಒರೆಸೋ ಬಟ್ಟೇನೂ ಒಂದೇನಾ ಅಂತ ಕೇಳಿದ್ರು, ಬೆಕ್ಕು ಅಡುಗೆ ಮನೆಗೆ ಬರುತ್ತಾ ಅಂತ ಕೇಳಿದ್ರು. 0ಯಿಂದ 5ರವರೆಗೆ ರೇಟಿಂಗ್ ಕೊಡ್ತಾರೆ, ಯಾರು ಬೇಕಾದ್ರೂ ಆನ್‌ಲೈನಲ್ಲಿ ನೋಡಬಹುದು. ಮೊದಲ ಸಲ ನಂಗೆ 4 ಬಂತು, ಒಂದು ವಾರ ಊಟ ಸೇರ್ಲಿಲ್ಲ. ವಾಂತಿ ಭೇದಿ ಆದ್ರೆ ನಿಂತ ಮೇಲೂ 48 ಗಂಟೆ ಅಡುಗೆ ಮುಟ್ಟೋ ಹಾಗಿಲ್ಲ, ಇದೊಂದು ರೂಲ್ ಅಲ್ಲೂ ಎಲ್ರೂ ಇಟ್ಕೊಂಡ್ರೆ ಒಳ್ಳೇದು, ಇದಕ್ಕೆ ಖರ್ಚೇನೂ ಇಲ್ವಲ್ಲ ಮಿರ್ಚಿ ಅವ್ರೇ.

ಬ್ಲಾಕ್_ಸಿ_ಅಡ್ಮಿನ್

ಖರ್ಚಿಲ್ಲದ್ದು ಇನ್ನೂ ಎರಡು. ಹೋಳಿಗೆ, ಚಕ್ಕುಲಿ ಎಣ್ಣೆ ಹೀರ್ಲಿ ಅಂತ ನ್ಯೂಸ್ ಪೇಪರ್ ಹಾಕೋದು ಬಿಡಿ, ಆ ಮಸಿ ಊಟಕ್ಕೆ ಹತ್ತುತ್ತೆ, 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಪೇಪರಲ್ಲಿ ಸುತ್ತೋ ಹಾಗಿಲ್ಲ ಅಂತಿದೆ. ಬಾಳೆ ಎಲೆ ಇಲ್ವಾ ನಮ್ಮಲ್ಲಿ? ಮತ್ತೆ ಕರಿದ ಎಣ್ಣೆ. ಹಳೇ ಎಣ್ಣೆಗೆ ಹೊಸಾದು ಸುರೀತಾ ಸುರೀತಾ ದೀಪಾವಳಿಯಿಂದ ಯುಗಾದಿವರೆಗೆ ಎಳೆಯೋರು ಇದಾರೆ. ಕೋಡುಬಳೆ ಬಾಯಿಗಿಟ್ರೆ ಕಮಟು. (ಇದು ನಮ್ಮನೇಲೇ ಹೆಂಡತಿಗೂ ನಂಗೂ ಇರೋ ಜಗಳ, ಅವಳು ಇದನ್ನ ಓದದಿದ್ರೆ ಸಾಕು.)

ಕಾಫಿಪುಡಿ

ನಂದೊಂದು ಡೌಟು. ಪ್ರಯಾಣಕ್ಕೆ ಮೊಸರನ್ನ ಕಟ್ಟುವಾಗ ಎಲ್ರೂ ಹಾಲು ಜಾಸ್ತಿ ಮೊಸರು ಕಮ್ಮಿ ಹಾಕ್ತೀವಲ್ಲ, ಮಧ್ಯಾಹ್ನಕ್ಕೆ ಹುಳಿಯಾಗದೇ ಇರ್ಲಿ ಅಂತ. ಅದೂ ತಪ್ಪಾ?

ಸೋಗೆಮನೆ

ಉಪಾಯ ಒಳ್ಳೇದೇ, ಮಾಡೋ ಹೊತ್ತು ತಪ್ಪುತ್ತೆ. ಹೆಪ್ಪು ಹಾಕುವಾಗ ಹಾಲು ಉಗುರು ಬೆಚ್ಚಗೆ ಇರ್ಬೇಕು ತಾನೆ? ಅನ್ನ ಸುಡ್ತಾ ಇರುವಾಗ ಹಾಲು ಮೊಸರು ಎಲ್ಲಾ ಒಟ್ಟಿಗೆ ಹಾಕಿದ್ರೆ ಹೆಪ್ಪು ಸತ್ತೋಗುತ್ತೆ. ಆಮೇಲೆ ಅದು ಮೊಸರನ್ನ ಅಲ್ಲ, ಬೆಚ್ಚನೆ ಹಾಲನ್ನ. ಹುಳಿ ಬಂದ್ರೆ ತಾನೆ ಅದಕ್ಕೆ ಕಾವಲು. "ನಮ್ಮ ಮೊಸರನ್ನ ಸಂಜೆ ಆದ್ರೂ ಹುಳಿಯಾಗಿಲ್ಲ" ಅಂತ ಹೆಮ್ಮೆ ಪಡೋ ಮುಂಚೆ ಒಂದ್ಸಲ ಯೋಚನೆ ಮಾಡಿ. ಹಾಗಂತ ಹಳೇ ಅನ್ನಕ್ಕೆ ಎಷ್ಟು ಮೊಸರು ಹಾಕಿದ್ರೂ ಉಪಯೋಗ ಇಲ್ಲ, ಸರ್ ಆಗ್ಲೇ ಹೇಳಿದಾರೆ.

ಒಗ್ಗರಣೆ_ಮೈಸೂರು

ಒಂಬತ್ತು ದಿನ ಆಯ್ತು, ಬಂದು ಹೇಳ್ತೀನಿ ಅಂದ್ಕೊಂಡಿದ್ದೆ, ಈಗ ಬಂದೆ.

ಮೊದಲು ಆ ಮನೆಗೆ ಹೋದೆ. ಹಣ್ಣು ತಗೊಂಡು ಹೋಗಿ, ರಾತ್ರಿ ಅನ್ನ ಬೇಯಿಸಿಟ್ಟಿದ್ದೆ, ತಪ್ಪು ನಂದೇ ಇರಬಹುದು ಅಂತ ಹೇಳಿದೆ. ದುಡ್ಡು ವಾಪಸ್ ಕೊಟ್ಟೆ, ಅವರು ಹೋಳಿಗೆ ದುಡ್ಡು ಮಾತ್ರ ಇಟ್ಕೊಳ್ಳಲ್ಲ ಅಂತ ಹಟ ಮಾಡಿ ಕೈಗೆ ತುರುಕಿದ್ರು. ಡ್ರಿಪ್ ಹಾಕ್ಸಿದ್ದ ಮಗು ಬಂದು ಆಂಟಿ ನಂಗೆ ಸೂಜಿ ಚುಚ್ಚಿದ್ರು ಅಂತ ಕೈ ತೋರಿಸ್ತು. ಮನೆಗೆ ಬಂದು ಅತ್ತುಬಿಟ್ಟೆ.

ಆಮೇಲೆ ಸರ್ ಹೇಳಿದ್ದು ನಿಜಾನಾ ನೋಡೇ ಬಿಡೋಣ ಅಂತ ಚುಚ್ಚಿ ನೋಡೋ ಥರ್ಮಾಮೀಟರ್ ತರಿಸ್ದೆ. 3 ಕೆಜಿ ಅಕ್ಕಿ ಅನ್ನ ಮಾಡಿ (ವೇಸ್ಟ್ ಅಂತ ಅತ್ತೆ ಬೈದ್ರು, ಬೆಳಿಗ್ಗೆ ಹಸುಗೆ ಹೋಯ್ತು) ಅದೇ ಡಬರೀಲಿ ಅದೇ ಥರ ಮುಚ್ಚಿ ಬಟ್ಟೆ ಹೊದಿಸಿ ಇಟ್ಟೆ. ರಾತ್ರಿ 11ಕ್ಕೆ ಮಧ್ಯದಲ್ಲಿ 92. ಎರಡು ಗಂಟೆಗೆ ಅಲಾರಂ ಇಟ್ಕೊಂಡು ಎದ್ದು ನೋಡಿದ್ರೆ 63. ಬೆಳಿಗ್ಗೆ 5ಕ್ಕೆ 44! ಮೇಲೆ ಕೈಯಿಟ್ರೆ ತಣ್ಣಗೇ ಇತ್ತು. ಇದೂ ಅರ್ಧ ಅಳತೆ ಅನ್ನ, ಅವತ್ತು ಇದ್ದಿದ್ದು ಇದರ ಎರಡು ಪಟ್ಟು. ಮಾರನೇ ದಿನ ಒಂದು ಕೆಜಿ ಅನ್ನ ಎರಡು ಅಗಲದ ತಟ್ಟೇಲಿ ಹರಡಿ ಫ್ಯಾನ್ ಕೆಳಗಿಟ್ಟೆ, 40 ನಿಮಿಷಕ್ಕೆ 33. ಚಿತ್ರಾನ್ನಕ್ಕೆ ಅನ್ನ ಹರಡಿ ಆರಿಸ್ಬೇಕು ಅಂತ ಅಮ್ಮ ಯಾವಾಗ್ಲೂ ಹೇಳೋರು, ನಾನು ಅದು ಅಗಳು ಉದುರಾಗೋಕೆ ಅಂತ ಅಷ್ಟೇ ತಿಳ್ಕೊಂಡಿದ್ದೆ.

ಸದ್ಯಕ್ಕೆ ಹೀಗೆ ಮಾಡಿದೀನಿ. ಅನ್ನದ ಆರ್ಡರ್ 25 ಜನಕ್ಕಿಂತ ಮೇಲೆ ತಗೊಳ್ಳಲ್ಲ, ಅಷ್ಟಾದ್ರೆ ಎರಡು ಒಲೇಲಿ ಬೆಳಿಗ್ಗೇನೇ ಆಗುತ್ತೆ. ಊಟ ಎಷ್ಟು ಗಂಟೆಗೆ ಬಡಿಸ್ತೀರಿ ಅಂತ ಮೊದಲೇ ಕೇಳ್ತೀನಿ, ಆ ಹೊತ್ತಿಗೆ ಸರಿಯಾಗಿ ಕಳಿಸ್ತೀನಿ, ಬೆಳಿಗ್ಗೆ 8ಕ್ಕೇ ಕಳ್ಸಿ ಅಂದ್ರೆ ಹೋಳಿಗೆ ಮಾತ್ರ. ಮುಚ್ಚಳದ ಮೇಲೆ ಮಾಡಿದ ಟೈಮು, ಇಷ್ಟು ಗಂಟೆ ಒಳಗೆ ತಿನ್ನಿ ಅಂತ ಮಾರ್ಕರಲ್ಲಿ ಬರೀತೀನಿ. ಒಂದೊಂದು ಚಿಕ್ಕ ಡಬ್ಬಿ ಸ್ಯಾಂಪಲ್ ಎರಡು ದಿನ ಫ್ರಿಜ್ಜಲ್ಲಿಡ್ತೀನಿ. ಗಾಯ ಆದ್ರೆ ತಂಗಿ ಬರ್ತಾಳೆ. ಇದೇ ವಾರ 80 ಜನದ್ದೊಂದು ಸೀಮಂತದ ಆರ್ಡರ್ ಬಿಟ್ಟೆ, ಹೊಟ್ಟೆ ಉರೀತು, ಆದ್ರೂ ಬಿಟ್ಟೆ.

ಹಳೇ_ಲ್ಯಾಬ್

44! ನಾನು 38, 40 ಅಂದ್ಕೊಂಡಿದ್ದೆ. ಆ ರೀಡಿಂಗ್ ಬರೆದಿಟ್ಟಿದೀರಾ? ಮುಂದಿನ ಸಲ ಗಂಟೆಗೊಂದ್ಸಲ ಬರೆದ್ರೆ ಇಲ್ಲಿ ಹಾಕಿ, ಟಿಫನ್_ಕ್ಯಾರಿಯರ್‌ಗೂ ಉಪಯೋಗ.

ಟಿಫನ್_ಕ್ಯಾರಿಯರ್

ನಾನೂ ಥರ್ಮಾಮೀಟರ್ ಆರ್ಡರ್ ಮಾಡಿದೆ. ನಮ್ಮ ಫ್ರಿಜ್ಜು 11 ತೋರಿಸ್ತಿದೆ. ಮೆಕ್ಯಾನಿಕ್ ನಾಳೆ ಬರ್ತೀನಿ ಅಂದಿದಾನೆ, ಅಲ್ಲಿವರೆಗೂ ಹುಡುಗರಿಗೆ ಬರೀ ಚಪಾತಿ ಪಲ್ಯ.

ಮಿರ್ಚಿ_ದಾವಣಗೆರೆ

ಒಗ್ಗರಣೆ ಮೇಡಂ, ನಮ್ಮ ತಂಗಿ ಮೈಸೂರಲ್ಲೇ ಇರೋದು, ಮುಂದಿನ ಶುಕ್ರವಾರ ಮಗೂದು ನಾಮಕರಣ. 50 ಕಾಯಿ ಹೋಳಿಗೆ ಆಗುತ್ತಾ? ರೇಟ್ ನೀವು ಹೇಳಿದ್ದೇ.

ಒಗ್ಗರಣೆ_ಮೈಸೂರು

ಆಗುತ್ತೆ ಸರ್. ಊಟ ಎಷ್ಟು ಗಂಟೆಗೆ?